ಕೆಲಸ ಹೋದ ಮೇಲೆ ಗ್ರಾಚ್ಯುಟಿ, ಬಾಕಿ ಸಂಬಳ, ಪರಿಹಾರ: ಕೇಳುವುದು ಹೇಗೆ, ವಸೂಲಿ ಮಾಡುವುದು ಹೇಗೆ

ಕೆಲಸದಿಂದ ತೆಗೆದಾಗ ಬರಬೇಕಾದ ಹಣಕ್ಕೆಲ್ಲ ಸೇರಿಸಿ ‘ಸೆಟಲ್‌ಮೆಂಟ್’ ಎಂದುಬಿಡುತ್ತೇವೆ. ಎಚ್‌ಆರ್‌ನವರೂ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿ, ಕೆಳಗೊಂದು ಸಹಿ ಕೇಳುತ್ತಾರೆ. ಕಾನೂನಿನಲ್ಲಿ ಮಾತ್ರ ಆ ಹಾಳೆಯ ಒಂದೊಂದು ಸಾಲೂ ಬೇರೆ. ಬಾಕಿ ಸಂಬಳಕ್ಕೆ ಒಂದು ಗಡುವು, ಗ್ರಾಚ್ಯುಟಿಗೆ (ಸೇವೆಯ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡಬೇಕಾದ ಇಡಿಗಂಟಿಗೆ) ಇನ್ನೊಂದು. ಒಂದರ ಲೆಕ್ಕ ಮೂಲ ವೇತನದ ಮೇಲೆ, ಇನ್ನೊಂದರದ್ದು ಪೂರ್ತಿ ಸಂಬಳದ ಮೇಲೆ. ಒಂದನ್ನು ಕೇಳುವ ಕಚೇರಿ ಇನ್ನೊಂದನ್ನು ಮುಟ್ಟುವುದಿಲ್ಲ. ‘ನನಗೆ ಕಂಪನಿಯಿಂದ ನಾಲ್ಕು ಲಕ್ಷ ಬರಬೇಕು’ ಎಂದು ಬರೆದುಕೊಂಡು ಹೋದ ಅರ್ಜಿ ವರ್ಷಗಟ್ಟಲೆ ಅಲೆಯುವುದು ಇದೇ ಕಾರಣಕ್ಕೆ. ಕೆಲಸ ಶುರುವಾಗುವುದು ಆ ನಾಲ್ಕು ಲಕ್ಷವನ್ನು ಒಡೆದು ಬರೆಯುವುದರಿಂದ.

ಕೊನೆಯ ದಿನ ಯಾವುದು?

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿತು. ವೇತನ ಪಾವತಿ ಮತ್ತು ಬೋನಸ್ ಕಾಯ್ದೆಗಳು ವೇತನ ಸಂಹಿತೆಗೆ ಹೋದವು. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂತು. ಆದ್ದರಿಂದ ನಿಮ್ಮ ಕೆಲಸದ ಕೊನೆಯ ದಿನ ಈ ತಾರೀಕಿನ ಹಿಂದೆ ಬೀಳುತ್ತದೋ ಮುಂದೆ ಬೀಳುತ್ತದೋ ಮೊದಲು ನೋಡಿ. ಹಿಂದಾದರೆ ಹಳೆಯ ಕಾಯ್ದೆಯ ಲೆಕ್ಕ. ಅಂದು ಅಥವಾ ಮುಂದಾದರೆ ಸಂಹಿತೆಯ ಲೆಕ್ಕ, ಅದರಲ್ಲಿ ಮೊತ್ತ ಸಾಮಾನ್ಯವಾಗಿ ಹೆಚ್ಚು. ಬಹಳಷ್ಟು ಕಂಪನಿಗಳ ಪೇರೋಲ್ ತಂತ್ರಾಂಶದಲ್ಲಿ ಇನ್ನೂ ಹಳೆಯ ಸೂತ್ರವೇ ಕೂತಿರುತ್ತದೆ, ಅವರು ಕೊಟ್ಟ ಅಂಕಿಯನ್ನು ಹಾಗೇ ನಂಬಬೇಡಿ.

ಹೊರಗೆ ಬರುವ ಮೊದಲು

ಅತಿ ಹೆಚ್ಚು ಹಣ ಕೈತಪ್ಪುವುದು ಕೊನೆಯ ದಿನದ ಮೀಟಿಂಗ್ ರೂಮಿನಲ್ಲಿ. ‘ಟರ್ಮಿನೇಷನ್ ಅಂತ ಬಂದರೆ ಮುಂದೆ ಕೆಲಸ ಸಿಗಲ್ಲ, ರಾಜೀನಾಮೆ ಕೊಟ್ಟುಬಿಡಿ, ನಿಮಗೇ ಒಳ್ಳೆಯದು’ ಎನ್ನುತ್ತಾರೆ. ರಾಜೀನಾಮೆ ಕೊಟ್ಟವರಿಗೆ ಗ್ರಾಚ್ಯುಟಿ ಹೋಗುವುದಿಲ್ಲ, ಪಿಎಫ್ ಹೋಗುವುದಿಲ್ಲ. ಹೋಗುವುದು ಉದ್ಯೋಗ ಕಡಿತ ಪರಿಹಾರ ಮತ್ತು ನೋಟಿಸ್ ಅವಧಿಯ ಸಂಬಳ, ಅಂದರೆ ಕೆಲಸದಿಂದ ತೆಗೆದದ್ದಕ್ಕೇ ಕೊಡುವ ಹಣ. ಮುಂದೆ ‘ಒತ್ತಾಯದಿಂದ ಬರೆಸಿಕೊಂಡರು’ ಎಂದು ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ, ಮತ್ತು ಅದು ಸಣ್ಣ ಹೊರೆಯಲ್ಲ. ಕೊಡಲೇಬೇಕಾಗಿ ಬಂದರೆ ‘ವೈಯಕ್ತಿಕ ಕಾರಣಗಳಿಂದ’ ಎಂಬ ಮಾತು ಬೇಡ. ‘ಇಂಥ ತಾರೀಕಿನ ಸಭೆಯಲ್ಲಿ ನನ್ನ ಹುದ್ದೆಯನ್ನು ತೆಗೆಯಲಾಗಿದೆ ಎಂದು ತಿಳಿಸಿ, ರಾಜೀನಾಮೆ ಕೇಳಿದ್ದರಿಂದ’ ಎಂದು ಬರೆಯಿರಿ. ಅದೇ ದಿನ, ಸಭೆಯಲ್ಲಿ ನಡೆದದ್ದನ್ನು ಎರಡು ಸಾಲಿನಲ್ಲಿ ನಿಮ್ಮ ಸ್ವಂತ ಇಮೇಲ್‌ನಿಂದ ಎಚ್‌ಆರ್‌ಗೆ ಕಳಿಸಿ. ಅವರು ಉತ್ತರಿಸದಿದ್ದರೂ ಆ ತಾರೀಕು ಉಳಿಯುತ್ತದೆ.

ಕಂಪನಿಯ ಇಮೇಲ್ ಎಷ್ಟೋ ಕಡೆ ಸಂಜೆಯೊಳಗೆ ಬಂದ್ ಆಗುತ್ತದೆ. ಅದಕ್ಕೂ ಮೊದಲೇ ಇವಿಷ್ಟು ನಿಮ್ಮ ಕೈಲಿರಲಿ: ನೇಮಕಾತಿ ಪತ್ರ, ಕೊನೆಯ ಸಂಬಳ ಹೆಚ್ಚಳದ ಪತ್ರ, ಕೊನೆಯ 12 ತಿಂಗಳ ಪೇಸ್ಲಿಪ್, ಉಳಿದ ರಜೆ ತೋರಿಸುವ ಪುಟದ ಸ್ಕ್ರೀನ್‌ಶಾಟ್, ಎಲ್ಲ ವರ್ಷಗಳ ಫಾರ್ಮ್ 16. ಇವು ನಿಮ್ಮದೇ ದಾಖಲೆಗಳು. ಗ್ರಾಹಕರ ಕಡತ, ಕೋಡ್, ಆಂತರಿಕ ವರದಿ ಇತ್ಯಾದಿಗಳನ್ನು ಜೊತೆಗೆ ಕಳಿಸಿಕೊಳ್ಳಬೇಡಿ. ದುರ್ನಡತೆಯ ಆರೋಪ ಹೊರಿಸಲು ಅದೇ ನೆಪವಾಗುತ್ತದೆ.

ನೇಮಕಾತಿ ಪತ್ರವನ್ನೇ ಕೊಡದ ಕಡೆ ಕೆಲಸ ಮಾಡಿದವರು ಎದೆಗುಂದಬೇಕಿಲ್ಲ. ಪಿಎಫ್ ಪಾಸ್‌ಬುಕ್‌ನಲ್ಲಿ ಮಾಲೀಕರ ಹೆಸರು ಮತ್ತು ತಿಂಗಳುಗಳಿವೆ. ಇಎಸ್‌ಐ ದಾಖಲೆಯಲ್ಲಿ ಸೇರಿದ ದಿನಾಂಕವಿದೆ. ಆದಾಯ ತೆರಿಗೆಯ 26ಎಎಸ್‌ನಲ್ಲಿ ಸಂಬಳದ ಮೇಲೆ ತೆರಿಗೆ ಕಡಿದವರ ಹೆಸರಿದೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಪ್ರತಿ ತಿಂಗಳು ಯಾರಿಂದ ಹಣ ಬಂತೆಂದು ಕಾಣುತ್ತದೆ. ನಗದು ಸಂಬಳವಾಗಿದ್ದರೆ ಹಾಜರಿ ಪುಸ್ತಕದ ಫೋಟೋ, ಗೇಟ್ ಪಾಸ್, ಗುರುತಿನ ಚೀಟಿ, ಮೇಲ್ವಿಚಾರಕರ ವಾಟ್ಸಾಪ್ ಸಂದೇಶ, ಹೀಗೆ ಸಿಕ್ಕಿದ್ದನ್ನೆಲ್ಲ ಜೋಡಿಸಿ.

ಲ್ಯಾಪ್‌ಟಾಪ್, ಸಿಮ್, ಬೀಗದ ಕೈ, ಯೂನಿಫಾರ್ಮ್ ಏನೇ ಇದ್ದರೂ ಹಿಂದಿರುಗಿಸಿ, ಬರಹದಲ್ಲಿ ಸ್ವೀಕೃತಿ ಪಡೆಯಿರಿ. ‘ಆಸ್ತಿ ವಾಪಸ್ ಬಂದಿಲ್ಲ, ಅದಕ್ಕೇ ಸೆಟಲ್‌ಮೆಂಟ್ ನಿಂತಿದೆ’ ಎಂಬುದು ಕಂಪನಿಗಳು ಹೇಳುವ ಮೊದಲ ನೆಪ. ಹಣಕ್ಕೆ ಅಡವಾಗಿರಲಿ ಎಂದು ಲ್ಯಾಪ್‌ಟಾಪ್ ಇಟ್ಟುಕೊಳ್ಳುವವರಿದ್ದಾರೆ. ಅದರಿಂದ ಲಾಭವಾದದ್ದು ಕಂಪನಿಗೇ.

ಇನ್ನು ಆ ಒಂದು ಹಾಳೆಯ ವಿಷಯ. ‘ನನ್ನ ಎಲ್ಲ ಬಾಕಿಗಳೂ ಪೂರ್ಣವಾಗಿ ಸಂದಿವೆ, ಮುಂದೆ ಯಾವುದೇ ಹಕ್ಕೊತ್ತಾಯ ಇಲ್ಲ’ ಎಂಬ ಸಾಲಿನ ಕೆಳಗೆ ಸಹಿ ಕೇಳಿದರೆ, ಸಹಿಯ ಪಕ್ಕದಲ್ಲೇ ಕೈಬರಹದಲ್ಲಿ ‘ಆಕ್ಷೇಪಣೆಗೆ ಒಳಪಟ್ಟು, ಗ್ರಾಚ್ಯುಟಿ ಮತ್ತು ಪರಿಹಾರದ ಹಕ್ಕನ್ನು ಉಳಿಸಿಕೊಂಡು ಸ್ವೀಕರಿಸಿದ್ದೇನೆ’ ಎಂದು ಬರೆದು ತಾರೀಕು ಹಾಕಿ, ಫೋಟೋ ತೆಗೆದುಕೊಳ್ಳಿ. ಬರೆಯದೆ ಸಹಿ ಹಾಕಿಬಿಟ್ಟಿದ್ದರೂ ಗ್ರಾಚ್ಯುಟಿ ಹೋಗಲಿಲ್ಲ, ಏಕೆಂದರೆ ಕಾನೂನು ಕೊಟ್ಟ ಕನಿಷ್ಠ ಗ್ರಾಚ್ಯುಟಿಯನ್ನು ಖಾಸಗಿ ಒಪ್ಪಂದ ಕಿತ್ತುಕೊಳ್ಳಲಾಗದು.

ಏನೇನು ಬರಬೇಕು

ಕೆಲಸ ಮಾಡಿದ ದಿನಗಳ ಸಂಬಳ ಮೊದಲನೆಯದು. ವೇತನ ಸಂಹಿತೆಯ 17ನೇ ಕಲಮಿನ ಪ್ರಕಾರ ತೆಗೆದುಹಾಕಿದರೂ, ರಾಜೀನಾಮೆ ಕೊಟ್ಟರೂ, ಸಂಸ್ಥೆ ಮುಚ್ಚಿದರೂ ಎರಡು ಕೆಲಸದ ದಿನಗಳೊಳಗೆ ಇದನ್ನು ಕೊಡಬೇಕು. ‘ಸೆಟಲ್‌ಮೆಂಟಿಗೆ 45 ದಿನ ಹಿಡಿಯುತ್ತದೆ, ಅದು ನಮ್ಮ ಪಾಲಿಸಿ’ ಎಂಬ ಮಾತಿಗೆ ಈ ಕಲಮಿನೆದುರು ಬೆಲೆಯಿಲ್ಲ. ಹಳೆಯ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿಯವರೆಗಿನವರಿಗಷ್ಟೇ ಇತ್ತು. ಸಂಹಿತೆಯಲ್ಲಿ ಆ ಮಿತಿ ಇಲ್ಲ, ಮ್ಯಾನೇಜರ್‌ಗಳೂ ಕೇಳಬಹುದು.

ಉಳಿದ ಗಳಿಕೆ ರಜೆಯ ಹಣ ಎರಡನೆಯದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ 20 ದಿನ ಕೆಲಸಕ್ಕೆ ಒಂದು ದಿನದಂತೆ ರಜೆ ಸೇರುತ್ತದೆ, 45 ದಿನಗಳವರೆಗೆ ಮುಂದಕ್ಕೆ ಒಯ್ಯಬಹುದು. ಸಾಂದರ್ಭಿಕ ರಜೆ ಮತ್ತು ಕಾಯಿಲೆ ರಜೆಗೆ ಹಣ ಸಿಗಬೇಕಾದರೆ ಕಂಪನಿಯ ನಿಯಮದಲ್ಲಿ ಹಾಗೆಂದು ಬರೆದಿರಬೇಕು.

ನೋಟಿಸ್ ಸಂಬಳದ ಬಗ್ಗೆ ನೇಮಕಾತಿ ಪತ್ರ ನೋಡಿ. ಅಲ್ಲಿ ಎರಡು ತಿಂಗಳು ಎಂದಿದ್ದರೆ ಎರಡು ತಿಂಗಳೇ. ಏನೂ ಬರೆದಿಲ್ಲವಾದರೆ, ಅದೇ ರಾಜ್ಯ ಕಾಯ್ದೆಯ 39ನೇ ಕಲಮು ಆರು ತಿಂಗಳು ಸತತ ಸೇವೆ ಮಾಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯಬಾರದು ಎನ್ನುತ್ತದೆ.

ಬೋನಸ್ ಅನ್ನು ಬಹಳ ಜನ ಮರೆಯುತ್ತಾರೆ. ತಿಂಗಳಿಗೆ 21,000 ರೂಪಾಯಿಯೊಳಗಿನ ವೇತನದವರು, ಆ ಲೆಕ್ಕದ ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೂ ಸಾಕು, ಕನಿಷ್ಠ 8.33 ಶೇಕಡಾ ಬೋನಸ್‌ಗೆ ಅರ್ಹರು. ಕೊಡಲು ವರ್ಷ ಮುಗಿದ ಮೇಲೆ ಎಂಟು ತಿಂಗಳ ಕಾಲಾವಕಾಶ ಇರುವುದರಿಂದ ಕೆಲಸ ಬಿಟ್ಟ ದಿನ ಅದು ಹಾಳೆಯಲ್ಲಿ ಕಾಣುವುದಿಲ್ಲ. ಮುಂದಿನ ನವೆಂಬರ್ ಕೊನೆಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಉದ್ಯೋಗ ಕಡಿತ ಪರಿಹಾರ ಎಲ್ಲರಿಗೂ ಇಲ್ಲ. ಕನಿಷ್ಠ ಒಂದು ವರ್ಷ ಸತತ ಸೇವೆ ಆಗಿರಬೇಕು, ಮತ್ತು ಕಾನೂನಿನ ಅರ್ಥದಲ್ಲಿ ನೀವು ‘ಕಾರ್ಮಿಕ’ ಆಗಿರಬೇಕು. ಆಡಳಿತ ಅಥವಾ ಮ್ಯಾನೇಜರ್ ಕೆಲಸ ಮಾಡುವವರು ಹೊರಗೆ. ಮೇಲ್ವಿಚಾರಕರಲ್ಲಿ ತಿಂಗಳಿಗೆ 18,000 ರೂಪಾಯಿ ದಾಟಿದವರು ಹೊರಗೆ. ಇಲ್ಲಿ ನೋಡುವುದು ಕೆಲಸವನ್ನು, ಹುದ್ದೆಯ ಹೆಸರನ್ನಲ್ಲ. ಕಾರ್ಡಿನ ಮೇಲೆ ‘ಮ್ಯಾನೇಜರ್’ ಎಂದಿದ್ದು ಕೈಕೆಳಗೆ ಒಬ್ಬರೂ ಇಲ್ಲದಿದ್ದರೆ, ರಜೆ ಮಂಜೂರು ಮಾಡುವ ಅಧಿಕಾರವೂ ಇಲ್ಲದಿದ್ದರೆ, ವಾದ ಇನ್ನೂ ಜೀವಂತ. ಪರಿಹಾರದ ಪ್ರಮಾಣ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ಸಂಬಳ, ಕೊನೆಯಲ್ಲಿ ಆರು ತಿಂಗಳು ಮೀರಿದ ತುಣುಕೂ ಒಂದು ವರ್ಷ. ಇದರ ಮೇಲೆ ಒಂದು ತಿಂಗಳ ನೋಟಿಸ್ ಅಥವಾ ಸಂಬಳ. ಹೊಸ ಸಂಹಿತೆ ಇನ್ನೊಂದನ್ನು ಸೇರಿಸಿದೆ: ಮರುಕೌಶಲ್ಯ ನಿಧಿ. ಉದ್ಯೋಗ ಕಡಿತವಾದ ಪ್ರತಿ ಕಾರ್ಮಿಕರ ಲೆಕ್ಕದಲ್ಲಿ ಮಾಲೀಕರು 15 ದಿನಗಳ ವೇತನವನ್ನು ಅದಕ್ಕೆ ಕಟ್ಟಬೇಕು. 45 ದಿನಗಳೊಳಗೆ ಆ ಹಣ ಕಾರ್ಮಿಕರ ಖಾತೆಗೆ ಬರಬೇಕು. ಇದು ಮೊದಲಿನ ಪರಿಹಾರದೊಳಗೆ ಸೇರಿಲ್ಲ, ಪ್ರತ್ಯೇಕ.

ಗ್ರಾಚ್ಯುಟಿ: ಲೆಕ್ಕವನ್ನು ನೀವೇ ಹಾಕಿ

ದೊಡ್ಡ ಮೊತ್ತವೂ ಇದೇ, ತಕರಾರು ಹೆಚ್ಚಾಗುವುದೂ ಇದಕ್ಕೇ. ಹಿಂದಿನ 12 ತಿಂಗಳಲ್ಲಿ ಯಾವುದಾದರೂ ಒಂದು ದಿನ 10 ಅಥವಾ ಹೆಚ್ಚು ಜನ ಕೆಲಸ ಮಾಡಿದ ಸಂಸ್ಥೆಗೆ ಇದು ಅನ್ವಯ. ಒಮ್ಮೆ ಅನ್ವಯವಾದ ಮೇಲೆ ಸಂಖ್ಯೆ ಏಳಕ್ಕೋ ಎಂಟಕ್ಕೋ ಇಳಿದರೂ ಬಿಡುಗಡೆಯಿಲ್ಲ. ಹುದ್ದೆಯ ಭೇದವಿಲ್ಲ, ಕಸ ಗುಡಿಸುವವರಿಂದ ಹಿಡಿದು ಉಪಾಧ್ಯಕ್ಷರವರೆಗೆ ಎಲ್ಲರಿಗೂ ಇದೆ. ಹಾಗಾಗಿ ‘ನೀವು ಕಾರ್ಮಿಕರಲ್ಲ’ ಎಂಬ ವಾದ ಇಲ್ಲಿ ನಡೆಯದು.

ಐದು ವರ್ಷ ಸತತ ಸೇವೆ ಬೇಕು. ಸಾವು ಅಥವಾ ಅಂಗವೈಕಲ್ಯದಿಂದ ಕೆಲಸ ಹೋದರೆ ಈ ಷರತ್ತಿಲ್ಲ. ಸಂಹಿತೆಯಡಿ ನಿಗದಿತ ಅವಧಿಯ ಕರಾರಿನ ಮೇಲೆ ನೇಮಕವಾದವರಿಗೆ ಒಂದು ವರ್ಷ ಸಾಕು. ನಾಲ್ಕು ವರ್ಷ ಮುಗಿಸಿ ಐದನೆಯದರಲ್ಲಿ 240 ದಿನ ಕೆಲಸ ಮಾಡಿದವರ ಸೇವೆ ಐದು ವರ್ಷವಾಯಿತೆಂದು ಮದ್ರಾಸ್ ಹೈಕೋರ್ಟ್ ಒಪ್ಪಿದೆ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಕಚೇರಿಗಳಿಗೆ ಕಾನೂನು ಹೇಳುವ ಅಂಕಿ 190 ದಿನ. ಕಂಪನಿಗಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಅಂಥವರು ಕೊನೆಯ ವರ್ಷದ ಹಾಜರಿಯನ್ನು ದಿನ ದಿನವೂ ಎಣಿಸಿ, ಸಂಬಳ ಸಹಿತ ರಜೆ, ಹೆರಿಗೆ ರಜೆ, ಲೇ ಆಫ್ (ಕೆಲಸವಿಲ್ಲವೆಂದು ತಾತ್ಕಾಲಿಕವಾಗಿ ಕೂರಿಸಿದ) ದಿನಗಳನ್ನೂ ಸೇರಿಸಿ ಪಟ್ಟಿ ಮಾಡಿಟ್ಟುಕೊಂಡೇ ಅರ್ಜಿ ಹಾಕಬೇಕು.

ಸೂತ್ರ ಇಷ್ಟೇ: ಕೊನೆಯ ತಿಂಗಳ ವೇತನ, ಗುಣಿಸು 15, ಗುಣಿಸು ವರ್ಷಗಳು, ಭಾಗಿಸು 26. ಭಾಜಕ 26 ಏಕೆಂದರೆ ತಿಂಗಳಿನಲ್ಲಿ ಕೆಲಸದ ದಿನ ಅಷ್ಟೆಂದು ಲೆಕ್ಕ. 30ರಿಂದ ಭಾಗಿಸಿದ ಹಾಳೆ ಕೈಗೆ ಬಂದರೆ ಮೊತ್ತ ಕಡಿಮೆಯಾಗಿದೆ ಎಂದೇ ಅರ್ಥ. ಆರು ತಿಂಗಳು ಮೀರಿದರೆ ಮುಂದಿನ ವರ್ಷಕ್ಕೆ ಏರಿಸಬೇಕು. ಗರಿಷ್ಠ ಮಿತಿ 20 ಲಕ್ಷ ರೂಪಾಯಿ.

ಈಗ ‘ವೇತನ’ ಎಂದರೇನು? ಹಳೆಯ ಕಾಯ್ದೆಯಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಮಾತ್ರ. ಸಂಹಿತೆಯಲ್ಲಿ, ಮನೆ ಬಾಡಿಗೆ, ಪ್ರಯಾಣದಂಥ ಹೊರಗಿಟ್ಟ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗ ಮತ್ತೆ ವೇತನಕ್ಕೇ ಸೇರುತ್ತದೆ. ಒಬ್ಬರ ಒಟ್ಟು ಸಂಬಳ 60,000, ಅದರಲ್ಲಿ ಮೂಲ ವೇತನ 18,000, ಹೊರಗಿಟ್ಟ ಭತ್ಯೆಗಳು 42,000 ಎಂದುಕೊಳ್ಳಿ. 60,000ದ ಅರ್ಧ 30,000. ಭತ್ಯೆ ಅದಕ್ಕಿಂತ 12,000 ಹೆಚ್ಚಿದೆ. ಆ 12,000 ಮೂಲ ವೇತನಕ್ಕೆ ಸೇರಿ ವೇತನ 30,000 ಆಯಿತು. ಸೇವೆ 7 ವರ್ಷ 8 ತಿಂಗಳು, ಅಂದರೆ 8 ವರ್ಷ. ಹಳೆಯ ಲೆಕ್ಕದಲ್ಲಿ 83,077 ರೂಪಾಯಿ; ಹೊಸದರಲ್ಲಿ 1,38,462. ಒಂದೇ ಸೇವೆ, ವ್ಯತ್ಯಾಸ 55 ಸಾವಿರದ ಮೇಲೆ.

ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚದ) ಹಾಳೆಯಲ್ಲಿ ಗ್ರಾಚ್ಯುಟಿ ಎಂದು ಮೂಲ ವೇತನದ 4.81 ಶೇಕಡಾ ತೋರಿಸಿರುತ್ತಾರಲ್ಲ, ಅದು ಇದೇ ಸೂತ್ರದ ಮಾಸಿಕ ರೂಪ: 15ನ್ನು 26ರಿಂದಲೂ 12ರಿಂದಲೂ ಭಾಗಿಸಿದರೆ ಬರುವ ಅಂಕಿ. ಆದರೆ ಆ ತಿಂಗಳ ತಿಂಗಳ ಅಂಕಿಗಳನ್ನು ಕೂಡಿಸಿ ‘ಇಷ್ಟೇ ನಿಮ್ಮದು’ ಎಂದರೆ ಒಪ್ಪಬೇಡಿ. ಪೂರ್ತಿ ಸೇವೆಗೂ ಕೊನೆಯ ವೇತನದ ದರವೇ.

ಮೊದಲ ಪತ್ರ

ಗ್ರಾಚ್ಯುಟಿಯ ಅರ್ಜಿಗೆ ಹಳೆಯ ನಿಯಮಗಳಲ್ಲಿ ನಮೂನೆ ‘ಐ’ ಇದೆ. 30 ದಿನಗಳೊಳಗೆ ಕೊಡಬೇಕು. ತಡವಾಯಿತೆಂಬ ಒಂದೇ ಕಾರಣಕ್ಕೆ ಹಕ್ಕು ಸಾಯುವುದಿಲ್ಲ, ಆದರೆ ತಡಕ್ಕೆ ಕಾರಣ ಬರೆಯಬೇಕಾಗುತ್ತದೆ. ಅರ್ಜಿ ಕೊಡದಿದ್ದರೂ 30 ದಿನಗಳೊಳಗೆ ಲೆಕ್ಕ ಹಾಕಿ ಪಾವತಿ ಮಾಡುವ ಹೊಣೆ ಮಾಲೀಕರದ್ದೇ. ಹಾಗೆಂದು ಕಾಯುತ್ತ ಕೂರಬಾರದು, ಮುಂದಿನ ಹೆಜ್ಜೆಗೆ ನಿಮ್ಮ ಪತ್ರ ಬೇಕೇ ಬೇಕು.

ನಮೂನೆಯ ಜೊತೆಗೆ ಒಂದು ಪುಟದ ಪತ್ರವಿರಲಿ. ಕೋಪದ ಮಾತು ಬೇಡ, ಅಂಕಿ ಇರಲಿ:

‘ನಾನು ದಿನಾಂಕ ___ ರಿಂದ ___ ರವರೆಗೆ ತಮ್ಮ ಸಂಸ್ಥೆಯಲ್ಲಿ ___ ಹುದ್ದೆಯಲ್ಲಿ, ನೌಕರ ಸಂಖ್ಯೆ ___ ಅಡಿ ಕೆಲಸ ಮಾಡಿದ್ದೇನೆ. ದಿನಾಂಕ ___ ರ ಪತ್ರದ ಮೂಲಕ ನನ್ನನ್ನು ಕೆಲಸದಿಂದ ತೆಗೆಯಲಾಗಿದೆ. ನನಗೆ ಬರಬೇಕಾದ ಬಾಕಿ: (1) ___ ದಿನಗಳ ಸಂಬಳ, ರೂ. ___, (2) ___ ದಿನಗಳ ಗಳಿಕೆ ರಜೆಯ ಹಣ, ರೂ. ___, (3) ನೋಟಿಸ್ ಸಂಬಳ, ರೂ. ___, (4) ಉದ್ಯೋಗ ಕಡಿತ ಪರಿಹಾರ, ರೂ. ___, (5) ಗ್ರಾಚ್ಯುಟಿ, ರೂ. ___. ಲೆಕ್ಕದ ವಿವರ ಲಗತ್ತಿಸಿದೆ. 15 ದಿನಗಳೊಳಗೆ ಪಾವತಿಸಬೇಕು ಅಥವಾ ಯಾವ ಬಾಕಿಯನ್ನು ಯಾವ ಕಾರಣಕ್ಕೆ ನಿರಾಕರಿಸುತ್ತೀರಿ ಎಂದು ಲಿಖಿತವಾಗಿ ತಿಳಿಸಬೇಕು.’

ಕೊನೆಯ ವಾಕ್ಯ ಮುಖ್ಯ. ನಿರಾಕರಣೆ ಬರಹದಲ್ಲಿ ಬಂದರೆ ವಿಚಾರಣೆಯಲ್ಲಿ ಕಂಪನಿ ಹೊಸ ಹೊಸ ಕಾರಣ ಹುಟ್ಟಿಸುವುದು ಕಷ್ಟ. ಪತ್ರವನ್ನು ಕಂಪನಿಯ ನೋಂದಾಯಿತ ಕಚೇರಿಗೂ ನೀವು ಕೆಲಸ ಮಾಡಿದ ಶಾಖೆಗೂ ಕಳಿಸಿ. 2025ರಲ್ಲಿ ಅಂಚೆ ಇಲಾಖೆಯ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಜೊತೆಗೆ ನೋಂದಣಿಯನ್ನೂ ತಲುಪಿದ ಪುರಾವೆಯನ್ನೂ ಕೇಳಿ ಪಡೆಯಿರಿ. ಟ್ರ್ಯಾಕಿಂಗ್ ಪುಟವನ್ನು ಆಗಲೇ ಮುದ್ರಿಸಿಡಿ, ಕೆಲವು ತಿಂಗಳ ನಂತರ ಅದು ಜಾಲತಾಣದಲ್ಲಿ ಸಿಗುವುದಿಲ್ಲ. ‘ಸ್ವೀಕರಿಸಲು ನಿರಾಕರಿಸಿದ್ದಾರೆ’ ಎಂಬ ಷರಾ ಹೊತ್ತು ವಾಪಸ್ ಬಂದ ಲಕೋಟೆಯನ್ನು ಒಡೆಯಬೇಡಿ. ಹಾಗೇ ಮುಚ್ಚಿದ್ದರೆ ಅದೇ ಸಾಕ್ಷಿ.

ಯಾವ ಕಚೇರಿ

ಅರ್ಜಿ ತಪ್ಪಾದ ಕಚೇರಿಗೆ ಹೋಗಿ ಎರಡು ಮೂರು ಮುದ್ದತ್ತು (ವಿಚಾರಣೆಯ ದಿನ) ಆದ ಮೇಲೆ ‘ನಮಗೆ ವ್ಯಾಪ್ತಿ ಇಲ್ಲ’ ಎಂಬ ಹಿಂಬರಹ ಪಡೆಯುವುದು ತೀರಾ ಸಾಮಾನ್ಯ. ಗ್ರಾಚ್ಯುಟಿಯ ವಿಷಯದಲ್ಲಿ, ಸಂಸ್ಥೆಗೆ ಕರ್ನಾಟಕದಲ್ಲಿ ಮಾತ್ರ ಶಾಖೆಗಳಿದ್ದರೆ ರಾಜ್ಯ ಕಾರ್ಮಿಕ ಇಲಾಖೆಯ ಸಹಾಯಕ ಕಾರ್ಮಿಕ ಆಯುಕ್ತರು ನಿಯಂತ್ರಣ ಪ್ರಾಧಿಕಾರಿ, ಅಂದರೆ ಅರ್ಜಿ ಕೇಳಿ ತೀರ್ಮಾನಿಸುವವರು. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿದರೆ ನಿಮ್ಮ ಪ್ರದೇಶ ಯಾವ ವಿಭಾಗಕ್ಕೆ ಸೇರುತ್ತದೆಂದು ಹೇಳುತ್ತಾರೆ. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಶಾಖೆ ಇದ್ದರೆ, ಅಥವಾ ಅದು ಬ್ಯಾಂಕು, ವಿಮೆ, ಗಣಿ, ದೊಡ್ಡ ಬಂದರು, ರೈಲ್ವೆ, ಕೇಂದ್ರ ಸಾರ್ವಜನಿಕ ಉದ್ಯಮವಾಗಿದ್ದರೆ, ಹೋಗಬೇಕಾದದ್ದು ಕೇಂದ್ರದ ಕಾರ್ಮಿಕ ಆಯುಕ್ತರ ಬಳಿಗೆ. ಕೇಂದ್ರದ್ದಕ್ಕೆ ‘ಸಮಾಧಾನ್’ ಪೋರ್ಟಲ್‌ನಲ್ಲಿ ಆನ್‌ಲೈನ್ ಅರ್ಜಿ ಹಾಕಬಹುದು. ಬೆಂಗಳೂರಿನ ಬಹುತೇಕ ಐಟಿ ಕಂಪನಿಗಳಿಗೆ ಹೈದರಾಬಾದಿನಲ್ಲೋ ಪುಣೆಯಲ್ಲೋ ಶಾಖೆ ಇದ್ದೇ ಇರುತ್ತದೆ; ಅವರ ಗ್ರಾಚ್ಯುಟಿ ಅರ್ಜಿ ಕೇಂದ್ರಕ್ಕೇ. ಶಾಖೆಗಳ ಪಟ್ಟಿ ಇರುವ ಕಂಪನಿಯ ವೆಬ್‌ಸೈಟ್ ಪುಟವನ್ನು ಮುದ್ರಿಸಿ ಅರ್ಜಿಗೆ ಲಗತ್ತಿಸಿ, ವ್ಯಾಪ್ತಿಯ ಪ್ರಶ್ನೆ ಅಲ್ಲೇ ಮುಗಿಯುತ್ತದೆ.

ಇತರ ಬಾಕಿಗಳ ದಾರಿ ಬೇರೆ. ಸಂಬಳ, ಬೋನಸ್‌ಗೆ ವೇತನ ಸಂಹಿತೆಯ 45ನೇ ಕಲಮಿನ ಪ್ರಾಧಿಕಾರಿ; ಅವಧಿ ಮೂರು ವರ್ಷ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ, ಮತ್ತು ಹಣ ಕೊಟ್ಟಾಗಿದೆ ಎಂದು ಸಾಬೀತು ಮಾಡಬೇಕಾದವರು ಮಾಲೀಕರು. ಉದ್ಯೋಗ ಕಡಿತ ಪರಿಹಾರ ಮತ್ತು ಕೆಲಸದಿಂದ ತೆಗೆದದ್ದೇ ತಪ್ಪೆಂಬ ವಾದಕ್ಕೆ ಮೊದಲು ಸಂಧಾನಾಧಿಕಾರಿ. ಇಲ್ಲಿ ಹೊಸ ಸಂಹಿತೆ ಕಾಲಮಿತಿಯನ್ನು ಮೂರು ವರ್ಷದಿಂದ ಎರಡಕ್ಕೆ ಇಳಿಸಿದೆ. ‘ಮೊದಲು ಗ್ರಾಚ್ಯುಟಿ ಬರಲಿ, ಆಮೇಲೆ ನೋಡೋಣ’ ಎಂದು ಕೂತವರಿಗೆ ಈ ಎರಡು ವರ್ಷ ಗೊತ್ತಾಗದಂತೆ ಕಳೆದುಹೋಗುತ್ತದೆ. ಎರಡನ್ನೂ ಒಟ್ಟೊಟ್ಟಿಗೇ ಹಾಕಿ.

ಗುತ್ತಿಗೆದಾರರ ಮೂಲಕ ಕೆಲಸಕ್ಕಿದ್ದವರು ಗುತ್ತಿಗೆದಾರರನ್ನೂ ಮೂಲ ಮಾಲೀಕರನ್ನೂ ಎದುರುದಾರರಾಗಿ ಹೆಸರಿಸಬೇಕು. ಗುತ್ತಿಗೆದಾರರು ಸಂಬಳ ಕೊಡದಿದ್ದರೆ ಮೂಲ ಮಾಲೀಕರು ಕೊಟ್ಟು, ಆಮೇಲೆ ಅವರಿಂದ ವಸೂಲಿ ಮಾಡಿಕೊಳ್ಳಬೇಕು ಎಂಬುದು ಕಾನೂನು. ಒಬ್ಬರನ್ನೇ ಹೆಸರಿಸಿದರೆ, ಆ ಒಬ್ಬರು ಅಂಗಡಿ ಮುಚ್ಚಿಕೊಂಡು ಹೋದ ದಿನ ಅರ್ಜಿಯೂ ಮುಗಿಯಿತು.

ಅರ್ಜಿ ಮತ್ತು ವಿಚಾರಣೆ

ಮಾಲೀಕರು ನಿರಾಕರಿಸಿದರೆ, ಕಡಿಮೆ ಕೊಟ್ಟರೆ, ಅಥವಾ ನಿಮ್ಮ ಅರ್ಜಿಗೆ ಉತ್ತರವೇ ಕೊಡದಿದ್ದರೆ, 90 ದಿನಗಳೊಳಗೆ ಪ್ರಾಧಿಕಾರಿಗೆ ನಮೂನೆ ‘ಎನ್’. ಕಚೇರಿ ಹೊಸ ಸಂಹಿತೆಯ ನಮೂನೆ ಕೇಳಿದರೆ ಅದನ್ನೇ ತುಂಬಿ, ಒಳಗಿನ ವಿವರ ಬದಲಾಗುವುದಿಲ್ಲ. ಗಡುವು ಮೀರಿದ್ದರೆ ವಿಳಂಬ ಮನ್ನಾ ಅರ್ಜಿಯನ್ನು ಪ್ರತ್ಯೇಕವಾಗಿ ಜೊತೆಗಿಡಿ. ಎಷ್ಟು ಜನ ಎದುರುದಾರರೋ ಅಷ್ಟು ಪ್ರತಿ, ಕಚೇರಿಗೆ ಒಂದು, ನಿಮಗೊಂದು. ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು, ತಾರೀಕು ಬೀಳದೆ ಅಲ್ಲಿಂದ ಕದಲಬೇಡಿ.

ಅರ್ಜಿಯಲ್ಲಿ ಬಡ್ಡಿಯನ್ನು ಬರೆದೇ ಕೇಳಿ. ಗ್ರಾಚ್ಯುಟಿ ತಡವಾದರೆ ವರ್ಷಕ್ಕೆ 10 ಶೇಕಡಾ ಸರಳ ಬಡ್ಡಿ, ಹಣ ಸಲ್ಲಬೇಕಾದ ದಿನದಿಂದ ಕೈಸೇರುವ ದಿನದವರೆಗೆ. ಮೇಲಿನ 1,38,462 ರೂಪಾಯಿ 14 ತಿಂಗಳು ತಡವಾದರೆ ಬಡ್ಡಿಯೇ 16,154. ಇದು ಪ್ರಾಧಿಕಾರಿಯ ಕೃಪೆಯಲ್ಲ. ಗಂಗಹನುಮೇಗೌಡ ಮತ್ತು ಕರ್ನಾಟಕ ಆಗ್ರೋ ಇಂಡಸ್ಟ್ರೀಸ್ ಕಾರ್ಪೊರೇಷನ್ ನಡುವಿನ 2003ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಡ್ಡಿ ಕಡ್ಡಾಯ ಎಂದಿದೆ. ತಡಕ್ಕೆ ನೌಕರರೇ ಕಾರಣವಾಗಿದ್ದು, ಆ ಕಾರಣಕ್ಕೆ ಮಾಲೀಕರು ಪ್ರಾಧಿಕಾರಿಯಿಂದ ಲಿಖಿತ ಅನುಮತಿ ಪಡೆದಿದ್ದರೆ ಮಾತ್ರ ವಿನಾಯಿತಿ. ಆ ಅನುಮತಿ ಪಡೆದಿರುವ ಮಾಲೀಕರು ಅಪರೂಪ.

ವಕೀಲರಿಲ್ಲದೆ ನೀವೇ ವಾದಿಸಬಹುದು. ಕಂಪನಿಯವರು ತರುವ ಆಕ್ಷೇಪಣೆಗಳು ಸುತ್ತಿ ಬಳಸಿ ನಾಲ್ಕೇ. ‘ನೋಟಿಸ್ ಅವಧಿ ಪೂರೈಸಿಲ್ಲ, ಅದನ್ನು ಗ್ರಾಚ್ಯುಟಿಯಲ್ಲಿ ಮುರಿದುಕೊಂಡಿದ್ದೇವೆ’ ಎಂದರೆ, ನೋಟಿಸ್ ಕೊಡದಿರುವುದು ಗ್ರಾಚ್ಯುಟಿ ಮುಟ್ಟುಗೋಲಿನ ಕಾರಣಗಳ ಪಟ್ಟಿಯಲ್ಲೇ ಇಲ್ಲ ಎಂದು ತೋರಿಸಿ. ‘ನಷ್ಟ ಮಾಡಿದ್ದಾರೆ’ ಎಂದರೆ, ಆ ಕಾರಣಕ್ಕೇ ಕೆಲಸದಿಂದ ತೆಗೆದ ಆದೇಶವನ್ನೂ ನಷ್ಟದ ಲೆಕ್ಕವನ್ನೂ ಕೇಳಿ. ಮುಟ್ಟುಗೋಲು ನಷ್ಟದಷ್ಟಕ್ಕೆ ಮಾತ್ರ. ‘ದುರ್ನಡತೆ’ ಎಂಬುದು ಗಂಭೀರ: ಹಿಂಸಾಚಾರ, ದಾಂಧಲೆ, ಅಥವಾ ಕೆಲಸದ ವೇಳೆಯ ನೈತಿಕ ಅಧಃಪತನದ ಅಪರಾಧಕ್ಕಾಗಿ ತೆಗೆದಿದ್ದರೆ ಪೂರ್ತಿ ಹಣವೂ ಹೋಗಬಹುದು, ಇದಕ್ಕೆ ಕ್ರಿಮಿನಲ್ ಕೋರ್ಟಿನ ಶಿಕ್ಷೆಯೇ ಆಗಿರಬೇಕಿಲ್ಲ ಎಂದು 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂಥ ಆರೋಪದ ಆದೇಶ ಕೈಯಲ್ಲಿದ್ದವರು ಮಾತ್ರ ವಕೀಲರನ್ನು ಹಿಡಿಯುವುದೇ ಮೇಲು. ನಾಲ್ಕನೆಯದು, ‘ಮಧ್ಯೆ ಸೇವೆ ಮುರಿದಿದೆ’. ಆರು ತಿಂಗಳಿಗೊಮ್ಮೆ ಎರಡು ದಿನ ಬಿಡಿಸಿ ಮತ್ತೆ ಸೇರಿಸಿಕೊಂಡ ದಾಖಲೆ ತಂದರೆ, ಪಿಎಫ್ ಪಾಸ್‌ಬುಕ್‌ನಲ್ಲಿ ಒಂದು ತಿಂಗಳೂ ತಪ್ಪದೆ ಕಟ್ಟಿದ ವಂತಿಗೆಯನ್ನು ಪಕ್ಕದಲ್ಲಿಡಿ.

ಮುದ್ದತ್ತಿಗೆ ನೀವು ತಪ್ಪಿಸಿಕೊಂಡರೆ ಅರ್ಜಿ ವಜಾ ಆಗಬಹುದು. ಕಂಪನಿ ತಪ್ಪಿಸಿಕೊಂಡರೆ, ಮೂರನೇ ಸಲಕ್ಕೆ ಏಕಪಕ್ಷೀಯವಾಗಿ ತೀರ್ಮಾನಿಸಿ ಎಂದು ಲಿಖಿತವಾಗಿ ಕೇಳಿ. ವಿಚಾರಣೆಯ ನಡುವೆ ರಾಜಿ ಮೊತ್ತ ಮುಂದಿಟ್ಟರೆ, ಅಸಲು ಪೂರ್ತಿ ಬರುತ್ತಿದ್ದು ಬಡ್ಡಿಯಲ್ಲಿ ಸ್ವಲ್ಪ ಬಿಡುವಂತಿದ್ದರೆ ಒಪ್ಪುವುದು ತಪ್ಪಲ್ಲ. ಆದರೆ ಡಿಡಿ ಅಥವಾ ಖಾತೆಗೆ ಹಣ ಬರುವವರೆಗೆ ಅರ್ಜಿ ಹಿಂತೆಗೆದುಕೊಳ್ಳಬೇಡಿ. ‘ಮುಂದಿನ ವಾರ ಹಾಕುತ್ತೇವೆ’ ಎಂಬ ಮಾತಿಗೆ ಮೆಮೋ ಬರೆದುಕೊಟ್ಟವರು ಮೊದಲಿಂದ ಶುರು ಮಾಡಬೇಕಾಗುತ್ತದೆ.

ಆದೇಶ ನಿಮ್ಮ ಪರ ಬಂದ ಮೇಲೆ ಮಾಲೀಕರಿಗೆ ಮೇಲ್ಮನವಿಗೆ 60 ದಿನ. ಆದರೆ ಆದೇಶಿತ ಹಣವನ್ನು ಠೇವಣಿ ಇಡದೆ ಮೇಲ್ಮನವಿ ದಾಖಲಾಗುವುದಿಲ್ಲ. ಠೇವಣಿ ಆಗಿದೆಯೇ ಎಂದು ಕಚೇರಿಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಆದರೂ ಕೊಡದಿದ್ದರೆ ವಸೂಲಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಅದು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಹಣ ಭೂ ಕಂದಾಯ ಬಾಕಿಯಂತೆ ವಸೂಲಾಗಬೇಕು. ಕಡತ ಮಲಗುವುದು ಇಲ್ಲಿಯೇ, ತಹಶೀಲ್ದಾರ್ ಕಚೇರಿಯಲ್ಲಿ. ಕಂಪನಿಯ ಆಸ್ತಿ ಎಲ್ಲಿದೆ ಎಂದು ಹುಡುಕುವ ಪುರುಸೊತ್ತು ಅವರಿಗಿರುವುದಿಲ್ಲ. ಅದನ್ನು ನೀವೇ ಕೊಡಿ: ನಿಮಗೆ ಸಂಬಳ ಬರುತ್ತಿದ್ದ ಬ್ಯಾಂಕು ಮತ್ತು ಶಾಖೆ, ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಿಗುವ ನೋಂದಾಯಿತ ವಿಳಾಸ ಮತ್ತು ನಿರ್ದೇಶಕರ ಹೆಸರು, ಆಸ್ತಿಯ ಮೇಲಿನ ಸಾಲದ ವಿವರ. ಬ್ಯಾಂಕ್ ಖಾತೆಯ ವಿವರ ಇರುವ ಕಡತ ಬೇಗ ಚಲಿಸುತ್ತದೆ.

ಕಂಪನಿ ದಿವಾಳಿಯಾಗಿದ್ದರೆ

ದಿವಾಳಿ ಸಂಹಿತೆಯಡಿ ಪ್ರಕ್ರಿಯೆ ಶುರುವಾದ ದಿನದಿಂದ ಕಂಪನಿಯ ವಿರುದ್ಧದ ಎಲ್ಲ ವಸೂಲಾತಿಗೂ ತಡೆ ಬೀಳುತ್ತದೆ; ಕಾರ್ಮಿಕ ಕಚೇರಿಗೆ ಅಲೆಯುತ್ತಿದ್ದರೆ ಪ್ರಯೋಜನವಿಲ್ಲ. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಬರುತ್ತದೆ. ಅದರಲ್ಲಿ ಹೆಸರಿಸಿದ, ದಿವಾಳಿ ಪ್ರಕ್ರಿಯೆ ನಡೆಸುವ ವೃತ್ತಿಪರರಿಗೆ (ರೆಸಲ್ಯೂಷನ್ ಪ್ರೊಫೆಷನಲ್) ನಮೂನೆ ‘ಡಿ’ಯಲ್ಲಿ ಬಾಕಿಯ ಹಕ್ಕು ಸಲ್ಲಿಸಬೇಕು, ಕಾರ್ಮಿಕರ ಸಂಘ ಎಲ್ಲರ ಪರವಾಗಿ ಸಲ್ಲಿಸುವುದಾದರೆ ನಮೂನೆ ‘ಇ’. ಕಾಲಾವಕಾಶ ತೀರಾ ಕಡಿಮೆ, ಆ ವೃತ್ತಿಪರರ ನೇಮಕದಿಂದ 14 ದಿನ. ಮೀರಿದವರಿಗೂ ಪ್ರಕ್ರಿಯೆ ಶುರುವಾದ 90 ದಿನಗಳವರೆಗೆ ಬಾಗಿಲು ತೆರೆದಿರುತ್ತದೆ. ಸಮಾಪನೆಗೆ (ಕಂಪನಿ ಮುಚ್ಚಿ ಆಸ್ತಿ ಮಾರಿ ಹಂಚುವ ಹಂತಕ್ಕೆ) ಹೋದರೆ ಕಾರ್ಮಿಕರ 24 ತಿಂಗಳ ಬಾಕಿಗೆ ಭದ್ರತೆ ಪಡೆದು ಸಾಲ ಕೊಟ್ಟವರ ಸಮಾನ ಸ್ಥಾನ. ಇತರ ನೌಕರರ 12 ತಿಂಗಳ ಬಾಕಿ ಅದರ ನಂತರ. ಪಿಎಫ್ ಮತ್ತು ಗ್ರಾಚ್ಯುಟಿ ನಿಧಿಯ ಹಣ ಸಾಲ ಕೊಟ್ಟವರಿಗೆ ಹಂಚುವ ಆಸ್ತಿಯೊಳಗೆ ಬರುವುದೇ ಇಲ್ಲ, ಆದ್ದರಿಂದ ಕ್ಲೇಮಿನಲ್ಲಿ ಅವನ್ನು ಸಂಬಳದ ಬಾಕಿಯ ಜೊತೆ ಕೂಡಿಸದೆ ಬೇರೆ ಸಾಲಿನಲ್ಲಿ ತೋರಿಸಿ.

ಪಿಎಫ್ ಮತ್ತು ತೆರಿಗೆ

ಪಿಎಫ್ ಹಣ ಮಾಲೀಕರ ಕೈಲಿಲ್ಲ, ಅದಕ್ಕೇ ಅದು ಈ ಜಗಳದ ಹೊರಗೆ. ತೊಡಕಾಗುವುದು ಎರಡು ಕಡೆ. ಒಂದು, ಮಾಲೀಕರು ನಿರ್ಗಮನ ದಿನಾಂಕ ನಮೂದಿಸದಿರುವುದು. ಕೊನೆಯ ವಂತಿಗೆಯ ಎರಡು ತಿಂಗಳ ನಂತರ ಸದಸ್ಯರ ಪೋರ್ಟಲ್‌ನಲ್ಲಿ ‘ಮಾರ್ಕ್ ಎಕ್ಸಿಟ್’ ಮೂಲಕ ನೀವೇ ಹಾಕಬಹುದು, ಒಮ್ಮೆ ಹಾಕಿದರೆ ತಿದ್ದುವುದು ಕಷ್ಟ, ತಾರೀಕನ್ನು ಎರಡು ಸಲ ನೋಡಿ. ಇನ್ನೊಂದು, ಪೇಸ್ಲಿಪ್‌ನಲ್ಲಿ ಕಡಿದು ಖಾತೆಗೆ ಕಟ್ಟದಿರುವುದು. ಪಾಸ್‌ಬುಕ್ ಮತ್ತು ಪೇಸ್ಲಿಪ್ ಅಕ್ಕಪಕ್ಕ ಇಟ್ಟು ತಿಂಗಳುವಾರು ಪಟ್ಟಿ ಮಾಡಿ, ಪಿಎಫ್ ಸಂಸ್ಥೆಯ ಕುಂದುಕೊರತೆ ಪೋರ್ಟಲ್‌ಗೆ ಹಾಕಿ. ‘ಪಿಎಫ್ ಸರಿಯಾಗಿ ಕಟ್ಟಿಲ್ಲ’ ಎಂಬ ದೂರಿಗಿಂತ ತಪ್ಪಿದ ತಿಂಗಳುಗಳ ಹೆಸರಿರುವ ದೂರಿಗೆ ಬೇಗ ಉತ್ತರ ಬರುತ್ತದೆ. ಒಟ್ಟು ಸೇವೆ ಐದು ವರ್ಷ ತುಂಬದೆ ಹಣ ತೆಗೆದರೆ ತೆರಿಗೆ ಬೀಳುತ್ತದೆ. ಹಳೆಯ ಕಂಪನಿಯ ಖಾತೆಯನ್ನು ವರ್ಗಾಯಿಸಿಕೊಂಡಿದ್ದರೆ ಆ ವರ್ಷಗಳೂ ಎಣಿಕೆಗೆ ಬರುತ್ತವೆ, ಹಾಗಾಗಿ ಮೊದಲು ವರ್ಗಾವಣೆ, ಆಮೇಲೆ ಹಿಂಪಡೆತ.

ಗ್ರಾಚ್ಯುಟಿಗೆ 20 ಲಕ್ಷ, ಕೆಲಸ ಬಿಟ್ಟಾಗ ಸಿಗುವ ರಜೆ ಹಣಕ್ಕೆ 25 ಲಕ್ಷ, ಉದ್ಯೋಗ ಕಡಿತ ಪರಿಹಾರಕ್ಕೆ 5 ಲಕ್ಷ ರೂಪಾಯಿಯವರೆಗೆ ತೆರಿಗೆ ವಿನಾಯಿತಿ ಇದೆ. ಈ ಮೂರನ್ನೂ ‘ಎಕ್ಸ್‌ಗ್ರೇಷಿಯಾ’ (ಕಂಪನಿ ತಾನಾಗಿ ಕೊಟ್ಟ ಹಣ) ಎಂಬ ಒಂದೇ ಹೆಸರಿನಡಿ ಸೇರಿಸಿ ಪೂರ್ತಿ ತೆರಿಗೆ ಕಡಿದಿರುವ ಸೆಟಲ್‌ಮೆಂಟ್ ಹಾಳೆ ಬಂದರೆ, ಆ ಹಣಕಾಸು ವರ್ಷ ಮುಗಿಯುವ ಮೊದಲೇ ಬಾಬ್ತುವಾರು ಬೇರ್ಪಡಿಸಿ ತಿದ್ದಿದ ಹಾಳೆಯನ್ನೂ ಅದಕ್ಕೆ ಹೊಂದುವ ಫಾರ್ಮ್ 16 ಅನ್ನೂ ಲಿಖಿತವಾಗಿ ಕೇಳಿ.